ಸಾಲದ ಯಜಮಾನ: ಬೈಕುಲ್ಲಾದ ಒಂದು ಕಾರ್ಖಾನೆಯ ಕತೆ

ಬೈಕುಲ್ಲಾದ ರಿಚರ್ಡ್‌ಸನ್ ಅಂಡ್ ಕ್ರಡ್ಡಾಸ್ ಕಂಪನಿ ಶುರುವಾದದ್ದು 1858ರಲ್ಲಿ. ಆಗ ಮುಂಬಯಿಯ ಮೊದಲ ಹತ್ತಿ ಗಿರಣಿ ಕೆಲಸ ಆರಂಭಿಸಿ ಎರಡು ವರ್ಷವಾಗಿತ್ತು ಅಷ್ಟೇ. ಬೆಳೆಯುತ್ತಿದ್ದ ಊರಿಗೆ ಕಂಬ, ತೊಲೆ, ಚಾವಣಿಯ ಚೌಕಟ್ಟು ಎಲ್ಲವೂ ಬೇಕಿತ್ತು; ಕಬ್ಬಿಣ ಉಕ್ಕಿನ ಕೆಲಸ ಬಲ್ಲವರಿಗೆ ಬಿಡುವಿರಲಿಲ್ಲ. ಬ್ರಿಟಿಷರು ಕಟ್ಟಿದ ಈ ಕಂಪನಿ ಒಂದು ಶತಮಾನದಲ್ಲಿ ಸಂಪಾದಿಸಿದ್ದು ಯಂತ್ರ, ಜಾಗ, ನುರಿತ ಕೆಲಸಗಾರರು. ಜೊತೆಗೆ ಒಂದು ಹೆಸರು.

1947ರ ನಂತರ ಇಂಥ ಹೆಸರುಗಳು ಮಾರಾಟಕ್ಕೆ ಬಂದವು. ಬ್ರಿಟಿಷ್ ಒಡೆಯರು ಒಬ್ಬೊಬ್ಬರಾಗಿ ಷೇರು ಮಾರಿ ಊರಿಗೆ ಹೊರಟರು. ಯುದ್ಧಕಾಲದಲ್ಲಿ ದುಡ್ಡು ಮಾಡಿದ್ದ ಭಾರತೀಯ ವ್ಯಾಪಾರಿಗಳು ಕೊಳ್ಳಲು ಸಾಲುಗಟ್ಟಿದರು. ಕೊಂಡವರಲ್ಲಿ ಹಲವರು ಹಳೆಯ ಮ್ಯಾನೇಜರುಗಳನ್ನು ಉಳಿಸಿಕೊಂಡು ಕಸುಬು ಕಲಿತರು. ಕಲ್ಕತ್ತಾದ ಹರಿದಾಸ್ ಮುಂದ್ರಾ ಅಂಥವನಲ್ಲ. ಬಲ್ಬು ಮಾರುತ್ತ ಬದುಕು ಆರಂಭಿಸಿದವನೆಂದು ಅಂದಿನ ಪತ್ರಿಕೆಗಳು ಬರೆದವು. ಅವನ ಕಣ್ಣು ಕಾರ್ಖಾನೆಗಿಂತ ಷೇರು ಪತ್ರದ ಮೇಲಿತ್ತು.

ಅವನ ಲೆಕ್ಕ ಹೀಗೆ. ಒಂದು ಕಂಪನಿಯ ಷೇರು ಕೊಳ್ಳುವುದು, ಅವನ್ನು ಬ್ಯಾಂಕಿನಲ್ಲಿ ಅಡವಿಟ್ಟು ಸಾಲ ಎತ್ತುವುದು, ಆ ಸಾಲದಲ್ಲಿ ಇನ್ನೊಂದು ಕಂಪನಿಯ ಷೇರು ಕೊಳ್ಳುವುದು. ಷೇರಿನ ಬೆಲೆ ಏರುತ್ತಿರುವವರೆಗೆ ಎಲ್ಲವೂ ಚೆನ್ನ. ಬೆಲೆ ಇಳಿದರೆ ಬ್ಯಾಂಕು ಹೆಚ್ಚಿನ ಅಡಮಾನ ಕೇಳುತ್ತದೆ. ಕೊಡಲು ಏನೂ ಇರುವುದಿಲ್ಲ. ಆಗ ಬೆಲೆ ಬೀಳದಂತೆ ತಾನೇ ಪೇಟೆಯಲ್ಲಿ ಕೊಳ್ಳುತ್ತಿರಬೇಕು, ಅದಕ್ಕೂ ಮತ್ತೆ ಸಾಲ. ಹಸುವಿನ ಮೇಲೆ ಸಾಲ ತೆಗೆದು ಆ ಹಸುವಿನ ಬೆಲೆಯನ್ನು ಸಂತೆಯಲ್ಲಿ ತಾನೇ ಕೂಗಿ ಏರಿಸಿದ ಹಾಗೆ. ಹಾಲಿನ ಮಾತು ಇಲ್ಲೆಲ್ಲೂ ಬರುವುದಿಲ್ಲ. ಬೈಕುಲ್ಲಾದಲ್ಲಿ ಉಕ್ಕು ಕತ್ತರಿಸುತ್ತಿದ್ದವರಿಗೆ ತಾವು ಇಂಥ ಆಟದಲ್ಲಿ ಪಣವಾಗಿದ್ದೇವೆಂದು ಗೊತ್ತಾಗುವ ದಾರಿಯೇ ಇರಲಿಲ್ಲ.

1957ರಲ್ಲಿ ಹಗ್ಗ ಬಿಗಿಯಾಯಿತು. ಜೂನ್ ತಿಂಗಳಲ್ಲಿ ಜೀವ ವಿಮಾ ನಿಗಮ ಮುಂದ್ರಾನ ಆರು ಕಂಪನಿಗಳ ಷೇರುಗಳನ್ನು ಸುಮಾರು 1.24 ಕೋಟಿ ರೂಪಾಯಿಗೆ ಕೊಂಡಿತು. ರಿಚರ್ಡ್‌ಸನ್ ಅಂಡ್ ಕ್ರಡ್ಡಾಸ್, ಜೆಸ್ಸಪ್, ಆಸ್ಲರ್ ಲ್ಯಾಂಪ್ಸ್, ಏಂಜೆಲೊ ಬ್ರದರ್ಸ್, ಸ್ಮಿತ್ ಸ್ಟಾನಿಸ್ಟ್ರೀಟ್, ಬ್ರಿಟಿಷ್ ಇಂಡಿಯಾ ಕಾರ್ಪೊರೇಷನ್: ಪಟ್ಟಿ ಓದಿದರೆ ಬ್ರಿಟಿಷರು ಬಿಟ್ಟುಹೋದ ಮನೆಯ ಸಾಮಾನಿನ ಯಾದಿಯಂತಿದೆ. ನಿಗಮದ ಹೂಡಿಕೆ ಸಮಿತಿಯನ್ನು ಕೇಳಿರಲೇ ಇಲ್ಲ. ಕಲ್ಕತ್ತಾದ ಷೇರುಪೇಟೆಯನ್ನು ಕುಸಿಯದಂತೆ ಹಿಡಿದು ನಿಲ್ಲಿಸಲು ಹೀಗೆ ಮಾಡಿದೆವು ಎಂಬುದು ಆಮೇಲೆ ಬಂದ ಸಮಜಾಯಿಷಿ.

ನಿಗಮವೇ ಆಗಿನ್ನೂ ಹಸುಗೂಸು. ಖಾಸಗಿ ಮಾಲೀಕರು ಪಾಲಿಸಿದಾರರ ಹಣವನ್ನು ಸ್ವಂತ ವ್ಯವಹಾರಕ್ಕೆ ತಿರುಗಿಸುತ್ತಿದ್ದಾರೆಂಬ ದೂರಿನ ಮೇಲೆ ಸರ್ಕಾರ 1956ರಲ್ಲಿ 245 ವಿಮಾ ಸಂಸ್ಥೆಗಳನ್ನು ವಹಿಸಿಕೊಂಡು, ಸೆಪ್ಟೆಂಬರಿನಲ್ಲಿ ನಿಗಮವನ್ನು ಕಟ್ಟಿತ್ತು. ಆ ದೂರನ್ನು ಲೋಕಸಭೆಯಲ್ಲಿ ಗಟ್ಟಿಯಾಗಿ ಎತ್ತಿದ್ದವರು ಫಿರೋಜ್ ಗಾಂಧಿ. ಒಂದು ವರ್ಷ ತುಂಬುವ ಮೊದಲೇ ಅದೇ ಹಣ ಇನ್ನೊಬ್ಬ ಸಟ್ಟಾ ವ್ಯಾಪಾರಿಯ ಕೈಸೇರಿತ್ತು. 1957ರ ಡಿಸೆಂಬರಿನಲ್ಲಿ ಮತ್ತೆ ಎದ್ದು ನಿಂತವರೂ ಅವರೇ. ಪ್ರಧಾನಿಯ ಅಳಿಯ, ಆಳುವ ಪಕ್ಷದ ಸದಸ್ಯ, ಆದರೂ ಬಿಡಲಿಲ್ಲ.

ಬೊಂಬಾಯಿ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಅವರ ಏಕಸದಸ್ಯ ಆಯೋಗ ಬಹಿರಂಗವಾಗಿ ವಿಚಾರಣೆ ನಡೆಸಿತು. ಕೇಳಲು ಜನ ನೆರೆದರು. ಹಣಕಾಸು ಕಾರ್ಯದರ್ಶಿ ಎಚ್.ಎಂ. ಪಟೇಲ್, ರಿಸರ್ವ್ ಬ್ಯಾಂಕ್ ಗವರ್ನರ್ ಎಚ್.ವಿ.ಆರ್. ಅಯ್ಯಂಗಾರ್ (ಹೆಸರಿನ ಮೊದಲ ‘ಎಚ್’ ಎಂದರೆ ಹಾರವು) ಮುಂತಾದ ಹಿರಿಯ ಅಧಿಕಾರಿಗಳು ಸಾಕ್ಷಿ ಹೇಳಿದರು. ತನಗೆ ಗೊತ್ತಿರಲಿಲ್ಲ ಎಂಬ ಮಾತಿನ ಹಿಂದೆ ಮಂತ್ರಿ ಅಡಗುವಂತಿಲ್ಲ, ಕಾರ್ಯದರ್ಶಿ ಮಾಡಿದ್ದಕ್ಕೆ ಅವರೇ ಹೊಣೆ ಎಂದು ಛಾಗ್ಲಾ ಬರೆದರು. 1958ರ ಫೆಬ್ರುವರಿಯಲ್ಲಿ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಐದು ವರ್ಷದ ನಂತರ ಅದೇ ಖಾತೆಗೆ ಅವರು ಮರಳಿದ್ದು ಬೇರೆ ಮಾತು.

ಇತಿಹಾಸದ ಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತವೆ. ಮಂತ್ರಿ ಹೋದರು, ಸಂಸತ್ತು ಗೆದ್ದಿತು. ಕಾರ್ಖಾನೆಯ ಗತಿ ಏನಾಯಿತೆಂದು ಕೇಳುವವರು ಕಡಿಮೆ. ಕಂಪನಿಯ ಆಡಳಿತದ ಜಗಳ ಕಲ್ಕತ್ತಾ ಹೈಕೋರ್ಟಿನ ಮೆಟ್ಟಿಲೇರಿತು. ರಿಚರ್ಡ್‌ಸನ್ ಅಂಡ್ ಕ್ರಡ್ಡಾಸ್ ವಿರುದ್ಧ ಹರಿದಾಸ್ ಮುಂದ್ರಾ ಎಂಬ 1959ರ ಆ ಮೊಕದ್ದಮೆಯನ್ನು ಕಂಪನಿ ಕಾನೂನು ಓದುವವರು ಇಂದಿಗೂ ಬಲ್ಲರು. ಕಂಪನಿಯೇ ತನ್ನ ಯಜಮಾನನ ಎದುರು ನಿಂತಂತಿರುವ ಆ ಶೀರ್ಷಿಕೆಯಲ್ಲೇ ಅರ್ಧ ಕತೆಯಿದೆ.

ಕಡೆಗೆ 1972ರಲ್ಲಿ ಸಂಸತ್ತು ಈ ಒಂದು ಕಂಪನಿಗಾಗಿಯೇ ಕಾಯ್ದೆ ಮಾಡಿ ಉದ್ಯಮವನ್ನು ಸರ್ಕಾರದ ವಶಕ್ಕೆ ತೆಗೆದುಕೊಂಡಿತು. ಹೊಸ ಸರ್ಕಾರಿ ಕಂಪನಿಗೆ ಬೇರೆ ಹೆಸರಿಡಬಹುದಿತ್ತು. ಇಡಲಿಲ್ಲ. ಬೈಕುಲ್ಲಾದ ಹಳೆಯ ಆವರಣವನ್ನೂ ಮುಲುಂಡ್, ನಾಗಪುರ, ಚೆನ್ನೈಗಳ ಘಟಕಗಳನ್ನೂ ನಡೆಸಿದ ಆ ಕಂಪನಿಯ ಹೆಸರು ರಿಚರ್ಡ್‌ಸನ್ ಅಂಡ್ ಕ್ರಡ್ಡಾಸ್ (1972) ಲಿಮಿಟೆಡ್.