ನೀರು ಹುಟ್ಟಿಸಿದ ಊರು

ಗೋಕಾಕ ಜಲಪಾತ ನೋಡಿ ಬಂದವರು ಸಾಮಾನ್ಯವಾಗಿ ಮೂರು ಸಂಗತಿ ಹೇಳುತ್ತಾರೆ: 52 ಮೀಟರ್ ಎತ್ತರದಿಂದ ಧುಮುಕುವ ಘಟಪ್ರಭೆ, ಸುಮಾರು 200 ಮೀಟರ್ ಉದ್ದದ ತೂಗುಸೇತುವೆ, ದಂಡೆಯ ಮೇಲಿನ ಮಹಾಲಿಂಗೇಶ್ವರ ಗುಡಿ. ಅಲ್ಲೊಂದು ಊರೂ ಇದೆ. ಹೆಸರು ಗೋಕಾಕ ಫಾಲ್ಸ್. ಪೇಟೆಯಿಂದಾಗಲಿ ಕೋಟೆಯಿಂದಾಗಲಿ ಬೆಳೆದ ಊರಲ್ಲ. ಹತ್ತಿ ಗಿರಣಿಯಿಂದ ಬೆಳೆದದ್ದು.

ಗೋಕಾಕ ವಾಟರ್ ಪವರ್ ಅಂಡ್ ಮ್ಯಾನ್ಯುಫ್ಯಾಕ್ಚರಿಂಗ್ ಕಂಪನಿ 1885ರಲ್ಲಿ ಸ್ಥಾಪನೆಯಾಯಿತು. 1887ರಲ್ಲಿ ಗಿರಣಿ ಶುರುವಾಯಿತು. ಆಗ ಮುಂಬಯಿಯ ಗಿರಣಿಗಳು ನಡೆಯುತ್ತಿದ್ದುದು ಉಗಿಯ ಬಲದಿಂದ. ಕಲ್ಲಿದ್ದಲು ತರಿಸಿಕೊಂಡರೆ ಉಗಿಯಂತ್ರವನ್ನು ಜನರಿರುವ ಕಡೆಯೇ ಹೂಡಬಹುದು. ನೀರಿನ ಬಲ ಹಾಗಲ್ಲ. ಚಕ್ರ ತಿರುಗಿಸಿ, ಹಗ್ಗ ಪಟ್ಟಿಗಳಿಂದ ಸಾಗಿಸುವ ಬಲ ಬಹುದೂರ ಹೋಗದು. ಆದ್ದರಿಂದ ಗಿರಣಿ ಜಲಪಾತದ ಬಳಿಗೆ ಬಂತು, ಅದರ ಹಿಂದೆ ಜನ ಬಂದರು. ಕೆಲವರು ಪಕ್ಕದ ಕೊಣ್ಣೂರಿನಲ್ಲಿ ನೆಲೆಸಿದರು; ಉಳಿದವರಿಗೆ ಕಂಪನಿಯ ಮನೆಗಳೇ ಗತಿ.

ಸ್ಕಾಟ್ಲೆಂಡಿನಲ್ಲಿ ಇದಕ್ಕೆ ನೂರು ವರ್ಷ ಮೊದಲೇ ಹೀಗಾಗಿತ್ತು. ಕ್ಲೈಡ್ ನದಿಯ ಜಲಪಾತದ ಬಳಿ 1786ರಲ್ಲಿ ನೂಲು ತೆಗೆಯತೊಡಗಿದ ನ್ಯೂ ಲ್ಯಾನಾರ್ಕ್ ಗಿರಣಿಯೂ ಕಾರ್ಮಿಕರಿಗಾಗಿ ಊರನ್ನೇ ಕಟ್ಟಿತು. ರಾಬರ್ಟ್ ಓವೆನ್ ಅಲ್ಲಿ ಮಕ್ಕಳಿಗೆ ಶಾಲೆ ನಡೆಸಿ ಹೆಸರಾದ.

ಕಂಪನಿ ಮನೆಯ ಅನುಕೂಲ ದೊಡ್ಡದು: ಪಾಳಿಯ ಸಿಳ್ಳೆ ಕೂಗಿದರೆ ನಾಲ್ಕು ಹೆಜ್ಜೆಗೆ ಕೆಲಸ. ಆದರೆ ಇಂಥ ಊರುಗಳಲ್ಲಿ ಕೂಲಿ ಕೊಡುವವನೂ ಸೂರು ಕೊಡುವವನೂ ಒಬ್ಬನೇ. ಕೆಲಸ ಹೋದರೆ ಮನೆಯೂ ಹೋಗುತ್ತದೆ. ಮುಷ್ಕರಕ್ಕೆ ಕೂಡುವವನು ಸಂಬಳದ ಜೊತೆಗೆ ಹೆಂಡತಿ ಮಕ್ಕಳ ನೆಲೆಯನ್ನೂ ಪಣಕ್ಕಿಡಬೇಕು. ನಿವೃತ್ತನಾದವನಿಗೆ ಮಗನೂ ಗಿರಣಿ ಸೇರಲಿ ಎನ್ನಿಸುವುದು ಬರೀ ಸಂಬಳದ ಆಸೆಯಿಂದಲ್ಲ.

ಈ ಕಟ್ಟನ್ನು ಸಡಿಲಿಸಿದ್ದು ವಿದ್ಯುತ್ತು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಉತ್ಪಾದಿಸಿದ ವಿದ್ಯುತ್ತು 1902ರಲ್ಲಿ ತೊಂಬತ್ತು ಮೈಲಿಗೂ ಆಚೆಯ ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿದೀಪ ಬೆಳಗಿತು. ಗೋಕಾಕದಲ್ಲಿ ಜನ ಬಲವನ್ನು ಹುಡುಕಿಕೊಂಡು ಹೋಗಿದ್ದರು; ಇಲ್ಲಿ ಬಲವೇ ತಂತಿ ಹಿಡಿದು ಜನರ ಬಳಿಗೆ ಬಂತು. ಆಮೇಲೆ ಕಾರ್ಖಾನೆಗೆ ಜಲಪಾತದ ಹಂಗು ಉಳಿಯಲಿಲ್ಲ.

ನ್ಯೂ ಲ್ಯಾನಾರ್ಕ್ ಗಿರಣಿ 1968ರಲ್ಲಿ ನಿಂತಿತು. ಆದರೂ ಮನೆಗಳನ್ನು ಕೆಡವದೆ ದುರಸ್ತಿ ಮಾಡಿದರು. ಅಲ್ಲಿ ಇಂದಿಗೂ ಜನರಿದ್ದಾರೆ. 2001ರಲ್ಲಿ ಆ ಊರು ವಿಶ್ವ ಪರಂಪರೆಯ ಪಟ್ಟಿ ಸೇರಿತು. ಗುಡಿ, ಸೇತುವೆಗಳನ್ನು ಕಾಪಾಡಬೇಕೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಗಿರಣಿ ಕಾರ್ಮಿಕರ ಮನೆಸಾಲುಗಳೂ ಅಷ್ಟೇ ಮುಖ್ಯವಾದ ಚರಿತ್ರೆ ಎಂಬುದನ್ನು ನಾವಿನ್ನೂ ಕಲಿಯಬೇಕಾಗಿದೆ.