ಕಾಲ್ಚೆಂಡಿನಿಂದ ಕ್ರೀಡಾಡಳಿತಕ್ಕೆ

ಆಡಿ ಗೆದ್ದವನನ್ನು ನಾವೆಲ್ಲರೂ ಕೊಂಡಾಡುತ್ತೇವೆ. ಆಟಕ್ಕೆ ನೆಲ ಹದಮಾಡಿದವನನ್ನು ನೆನೆಯುವುದು ವಿರಳ. ಕೊಡಗಿನಲ್ಲಿ 1946ರಲ್ಲಿ ಜನಿಸಿದ ಎಂ. ಪಿ. ಗಣೇಶರು ಈ ಎರಡು ಹೊಣೆಗಳನ್ನೂ ಹೊತ್ತವರು. ಮೊದಲು ಜಿಲ್ಲೆಯ ಪರ ಕಾಲ್ಚೆಂಡಾಡಿದ ಅವರು, ಮುಂದೆ ಸೇನಾಪಡೆಗಳ ತಂಡದಲ್ಲಿ ಹಾಕಿಪಟುವಾಗಿ ಬೆಳಗಿದರು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಭಾರತ ತಂಡದಲ್ಲಿದ್ದರು. 1973ರ ವಿಶ್ವಕಪ್‌ನಲ್ಲಿ ಅವರೇ ನಾಯಕರು. ಆಮ್‌ಸ್ಟರ್‌ಡ್ಯಾಮಿನ ಅಂತಿಮ ಪಂದ್ಯದಲ್ಲಿ ಭಾರತ ಎರಡು ಗೋಲುಗಳಿಂದ ಮುಂದಿತ್ತು. ಆತಿಥೇಯ ನೆದರ್ಲೆಂಡ್ಸ್ ಸರಿಗಟ್ಟಿ, ಪೆನಾಲ್ಟಿ ಸ್ಟ್ರೋಕ್‌ಗಳಲ್ಲಿ ಗೆದ್ದಿತು. ಕೈಗೆ ಬಂದ ಕಿರೀಟ ಜಾರಿದರೂ ಗಣೇಶರು ಕ್ರೀಡೆಯ ಸೇವೆಯಿಂದ ಹಿಂದೆ ಸರಿಯಲಿಲ್ಲ. ತರಬೇತುದಾರರಾಗಿ, ಬಳಿಕ ಭಾರತೀಯ ಕ್ರೀಡಾ ಪ್ರಾಧಿಕಾರದ ಹಿರಿಯ ಆಡಳಿತಗಾರರಾಗಿ ದುಡಿದರು. 1973ರಲ್ಲಿ ಅರ್ಜುನ, 2020ರಲ್ಲಿ ಪದ್ಮಶ್ರೀ ಪ್ರಶಸ್ತಿ ಅವರಿಗೆ ಸಂದವು. ಚಪ್ಪಾಳೆಯಿಲ್ಲದ ಕಡೆಯಲ್ಲೂ ದುಡಿಯುವ ಈ ನಿಷ್ಠೆಯನ್ನು ನಮ್ಮ ಹನುಮನಹಳ್ಳಿಯ ಯುವಜನರು ಮನಗಾಣಲೆಂದು ನಾವು ಹಾರೈಸುತ್ತೇವೆ.