ಅಂತಿಯೋಕ್ಯದ ಊಟ, ಬಲ್ಮಠದ ಪಂಕ್ತಿ

(ಪಾಡ್‌ಕಾಸ್ಟ್ ಎಪಿಸೋಡಿನ ಬರಹ ರೂಪ)

ಹಂಪನಕಟ್ಟೆಯಿಂದ ಕಂಕನಾಡಿ ಕಡೆ ಹೋಗೋ ಬಸ್ ಹತ್ತಿ, ಜ್ಯೋತಿ ದಾಟಿ ಏರು ಹತ್ತುವಾಗ ಬಲ್ಮಠ ಸಿಗ್ತದೆ. ಶಾಂತಿ ಕೆಥೆಡ್ರಲ್, ಅದರ ಹತ್ತಿರ ಥಿಯೋಲಾಜಿಕಲ್ ಕಾಲೇಜು, ದೊಡ್ಡ ಹಳೇ ಮರಗಳು. ಕಾಲೇಜಿಗೆ ದಿನಾ ಆ ದಾರಿಯಲ್ಲೇ ಹೋಗೋರು ನಿಮ್ಮಲ್ಲಿ ತುಂಬಾ ಜನ ಇರಬಹುದು. ಇವತ್ತಿನ ಕಥೆ ಆ ಗುಡ್ಡದ್ದು.

1844ರ ಜನವರಿ 6. ಮಂಗಳೂರಿನ ಮೂವರು ಸಾರಸ್ವತ ಬ್ರಾಹ್ಮಣ ಹುಡುಗರು ಬಾಸೆಲ್ ಮಿಷನ್ ಪಾದ್ರಿಗಳಿಂದ ದೀಕ್ಷಾಸ್ನಾನ ಪಡೆದರು. ಅವರಲ್ಲಿ ಒಬ್ಬ ಆನಂದರಾವ್ ಕೌಂಡಿನ್ಯ. ಹುಟ್ಟಿದ್ದು 1825ರಲ್ಲಿ, ಅಂದರೆ ಹದಿನೆಂಟರ ಆಸುಪಾಸಿನ ಹುಡುಗ. ಮಿಷನ್ ಶಾಲೆಯಲ್ಲಿ ಇಂಗ್ಲಿಷ್ ಕಲೀಲಿಕ್ಕೆ ಹೋದವನು. ಊರಲ್ಲಿ ದೊಡ್ಡ ಗದ್ದಲ ಆಯ್ತು. ಮಗ ಮನೆಯ ಪಾಲಿಗೆ ಸತ್ತ ಹಾಗೆ. ಅವನು ಯಾವ ದೇವರನ್ನು ನಂಬಿದ ಅನ್ನೋದಕ್ಕಿಂತ, ಯಾರ ಜೊತೆ ಕೂತು ಉಂಡ ಅನ್ನೋದು ಆ ಕಾಲದ ಮನೆಗಳಿಗೆ ದೊಡ್ಡ ವಿಷಯ. ಮನಸ್ಸಲ್ಲಿ ಏನಿದ್ದರೂ ಯಾರಿಗೂ ಕಾಣ್ಸೋದಿಲ್ಲ. ಎಲೆ ಎಲ್ಲಿ ಹಾಕಿದ್ರು ಅನ್ನೋದು ಇಡೀ ಊರಿಗೆ ಕಾಣ್ತದೆ.

ಈ ಎಲೆಯ ಪ್ರಶ್ನೆ ಆ ಧರ್ಮ ಹುಟ್ಟಿದ ಊರಲ್ಲೇ, ಹುಟ್ಟಿದ ಇಪ್ಪತ್ತು ವರ್ಷದೊಳಗೆ ಎದ್ದಿತ್ತು. ಹಾಗಾಗಿ ಸ್ವಲ್ಪ ಹಿಂದೆ ಹೋಗಿ ಬರೋಣ, ಸುಮಾರು 1800 ವರ್ಷ ಹಿಂದೆ.

ಯೇಸುವಿನ ಮೊದಲ ಶಿಷ್ಯರೆಲ್ಲ ಯೆಹೂದಿಗಳು. ದೇವಾಲಯಕ್ಕೆ ಹೋಗ್ತಿದ್ರು, ಸಬ್ಬತ್ ಆಚರಿಸ್ತಿದ್ರು, ಗಂಡು ಮಕ್ಕಳಿಗೆ ಸುನ್ನತಿ ಮಾಡಿಸ್ತಿದ್ರು, ಏನು ತಿನ್ನಬೇಕು, ಯಾರ ಜೊತೆ ತಿನ್ನಬೇಕು ಅನ್ನೋದಕ್ಕೆ ಕಟ್ಟುನಿಟ್ಟು ಉಂಟು. ಹೊರಗಿನವರು ಅಂದರೆ ಗ್ರೀಕರು, ರೋಮನರು, ಸಿರಿಯದವರು. ಕನ್ನಡ ಬೈಬಲಿನಲ್ಲಿ ಅವರಿಗೆ 'ಅನ್ಯಜನರು' ಅಂತ ಹೆಸರು. ಆ ಅನ್ಯಜನರೂ ಯೇಸುವನ್ನು ನಂಬ್ತೇವೆ ಅಂತ ಬರಲಿಕ್ಕೆ ಶುರು ಮಾಡಿದಾಗ ತಲೆನೋವು ಶುರುವಾಯ್ತು. ಇವರು ಮೊದಲು ಯೆಹೂದಿ ಆಗಬೇಕಾ? ಸುನ್ನತಿ ಮಾಡಿಸ್ಕೊಳ್ಬೇಕಾ? ಅಥವಾ ಬಂದ ಹಾಗೇ ಒಳಗೆ ಬಿಡೋದಾ?

'ಅಪೊಸ್ತಲರ ಕೃತ್ಯಗಳು' ಪುಸ್ತಕದ 10ನೇ ಅಧ್ಯಾಯದಲ್ಲಿ ಪೇತ್ರನ ಕಥೆ ಬರ್ತದೆ. ಅವನು ಆಗ ಯೊಪ್ಪ ಅನ್ನೋ ಕಡಲ ತೀರದ ಊರಲ್ಲಿ ಉಳಿದಿದ್ದ. ಯಾರ ಮನೆಯಲ್ಲಿ ಗೊತ್ತಾ? ಚರ್ಮ ಹದ ಮಾಡುವ ಸೀಮೋನನ ಮನೆಯಲ್ಲಿ. ಆ ಕಾಲದ ಯೆಹೂದಿ ಸಮಾಜದಲ್ಲಿ ಆ ಕಸುಬಿಗೆ ಮೈಲಿಗೆಯ ಕಳಂಕ ಇತ್ತು. ನಮ್ಮ ದೇಶದಲ್ಲಿ ಹುಟ್ಟಿದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಮಧ್ಯಾಹ್ನ ಹಸಿವಾಗಿದ್ದಾಗ ಅವನಿಗೊಂದು ದರ್ಶನ: ಆಕಾಶದಿಂದ ದೊಡ್ಡ ಬಟ್ಟೆಯೊಂದು ಇಳೀತದೆ, ಅದರಲ್ಲಿ ತಿನ್ನಬಾರದ ಪ್ರಾಣಿಗಳೆಲ್ಲ ಇವೆ, ತಿನ್ನು ಅಂತ ದನಿ. ಪೇತ್ರ ಒಪ್ಪೋದಿಲ್ಲ. ಮೂರು ಸಲ ಹೀಗಾಗ್ತದೆ. ಅಷ್ಟರಲ್ಲಿ ಕೈಸರೈಯದಿಂದ ಕೊರ್ನೇಲಿಯ ಎಂಬ ರೋಮನ್ ಸೇನಾಧಿಕಾರಿಯ ಜನ ಬಾಗಿಲಿಗೆ ಬರ್ತಾರೆ. ಪೇತ್ರ ಹೋಗ್ತಾನೆ, ಆ ಮನೆಯವರಿಗೆ ದೀಕ್ಷಾಸ್ನಾನ ಕೊಡಿಸ್ತಾನೆ. ವಾಪಸ್ ಯೆರೂಸಲೇಮಿಗೆ ಬಂದಾಗ ಅವನ ಮೇಲೆ ಬಂದ ಆಕ್ಷೇಪ ಏನು ಹೇಳಿ? ಸುನ್ನತಿ ಇಲ್ಲದವರ ಮನೆಗೆ ಹೋಗಿ ಅವರ ಜೊತೆ ಊಟ ಮಾಡಿದೆ ಅಂತ. ಮತ್ತೆ ಊಟ.

ಕ್ರಿ.ಶ. 49ರ ಹೊತ್ತಿಗೆ ಯೆರೂಸಲೇಮಿನಲ್ಲಿ ಹಿರಿಯರ ಸಭೆ ಕೂತಿತು. ಅಂತಿಯೋಕ್ಯದಿಂದ ಪೌಲ, ಬಾರ್ನಬ ಬಂದರು. ಜೋರು ವಾದ ನಡೀತು. ಕೊನೆಗೆ ಯೇಸುವಿನ ತಮ್ಮ ಯಾಕೋಬ ಒಂದು ದಾರಿ ಹೇಳಿದ: ಸುನ್ನತಿ ಬೇಡ. ವಿಗ್ರಹಕ್ಕೆ ಅರ್ಪಿಸಿದ್ದು, ರಕ್ತ, ಕುತ್ತಿಗೆ ಹಿಸುಕಿ ಕೊಂದ ಪ್ರಾಣಿಯ ಮಾಂಸ, ಹಾದರ, ಈ ನಾಲ್ಕನ್ನು ಬಿಟ್ಟರೆ ಸಾಕು. ಒಳಗಿದ್ದವರೇ ಕೂತು, ಹೊರಗಿಂದ ಬರೋರ ಹೊರೆ ಕಡಿಮೆ ಮಾಡಿದ ತೀರ್ಮಾನ ಅದು. ಧರ್ಮಗಳ ಚರಿತ್ರೆಯಲ್ಲಿ ಇಂಥದ್ದು ಅಪರೂಪ ಅಂತ ನನಗನ್ನಿಸ್ತದೆ.

ಆದರೆ ತೀರ್ಮಾನ ಕಾಗದದಲ್ಲಿ ಇದ್ದರೆ ಆಯ್ತಾ? ಅಂತಿಯೋಕ್ಯದಲ್ಲಿ ಪೇತ್ರ ಅನ್ಯಜನರ ಜೊತೆ ಆರಾಮಾಗಿ ಉಣ್ತಿದ್ದ. ಯಾಕೋಬನ ಕಡೆಯವರು ಯೆರೂಸಲೇಮಿಂದ ಬಂದ ಕೂಡಲೇ ಎದ್ದು ಬೇರೆ ಕಡೆ ಕೂತ. ಅವನನ್ನು ನೋಡಿ ಉಳಿದ ಯೆಹೂದಿಗಳೂ ಎದ್ದರು, ಬಾರ್ನಬನೂ ಎದ್ದ. ಪೌಲ ಎಲ್ಲರ ಎದುರಿಗೇ ಪೇತ್ರನಿಗೆ ಬೈದ. ಇದನ್ನು ಪೌಲನೇ ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಹೇಳಿಕೊಂಡಿದ್ದಾನೆ. ಈ ಜಗಳ ಸಭೆಗೆ ಮೊದಲಾ ನಂತರವಾ ಅಂತ ಪಂಡಿತರು ಇನ್ನೂ ವಾದ ಮಾಡ್ತಾರೆ, ಅದು ಬಿಡಿ. ನೆಂಟರು ಬಂದಾಗ ಎದ್ದು ಹೋಗೋ ಆ ಪೇತ್ರ ಇದ್ದಾನಲ್ಲ, ಅವನನ್ನು ನಾವೆಲ್ಲ ನೋಡಿದ್ದೇವೆ.

ಈಗ ಮಂಗಳೂರು. ಬ್ರಿಟಿಷ್ ಪಾರ್ಲಿಮೆಂಟು 1833ರ ಚಾರ್ಟರ್ ಕಾಯಿದೆಯಲ್ಲಿ ಬೇರೆ ದೇಶದ ಮಿಷನರಿಗಳಿಗೂ ದಾರಿ ಬಿಟ್ಟಿತು. ಮರುವರ್ಷವೇ, 1834ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್‌ನಿಂದ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಇಲ್ಲಿ ಬಂದಿಳಿದರು. ಎರಡು ವರ್ಷದ ನಂತರ ಬಂದವರು ಹೆರ್ಮನ್ ಮೊಗ್ಲಿಂಗ್. 'ಮಂಗಳೂರ ಸಮಾಚಾರ' ಪತ್ರಿಕೆಯ ಮೊಗ್ಲಿಂಗ್, ಪಿಯುಸಿ ಪುಸ್ತಕದಲ್ಲಿ ಓದಿರಬಹುದು. ಇವರೆಲ್ಲ ಬಹುತೇಕ ಜರ್ಮನಿಯ ವುರ್ಟೆಂಬರ್ಗ್ ಕಡೆಯ ಭಕ್ತಿಪಂಥದವರು. ಶಿಸ್ತು ಅಂದ್ರೆ ಶಿಸ್ತು.

ಜಾತಿ ಇಟ್ಕೊಂಡು ಕ್ರೈಸ್ತರಾಗಬಹುದಾ? ಈ ಪ್ರಶ್ನೆಗೆ ಭಾರತದಲ್ಲಿ ಅದಾಗಲೇ ಎರಡು ಉತ್ತರ ಇದ್ದವು. 17ನೇ ಶತಮಾನದಲ್ಲಿ ಮಧುರೆಯ ಜೆಸ್ವಿಟ್ ಪಾದ್ರಿ ರಾಬರ್ಟ್ ಡಿ ನೊಬಿಲಿ ಕಾವಿ ಉಟ್ಟು, ಮತಾಂತರ ಆದವರ ಜನಿವಾರ, ಜುಟ್ಟು, ಗಂಧ ಹಾಗೇ ಇರಲಿ ಅಂದ. 1623ರಲ್ಲಿ ಪೋಪರೇ ಅದಕ್ಕೆ ಒಪ್ಪಿಗೆ ಕೊಟ್ಟರು. ಇನ್ನೊಂದು ತುದಿಯಲ್ಲಿ ಕಲ್ಕತ್ತದ ಆಂಗ್ಲಿಕನ್ ಬಿಷಪ್ ಡೇನಿಯಲ್ ವಿಲ್ಸನ್. ಚರ್ಚಿನೊಳಗೆ ಜಾತಿಗೆ ಜಾಗವೇ ಇಲ್ಲ ಅಂತ ಅವರು ಸುತ್ತೋಲೆ ಬರೆದದ್ದು 1833ರಲ್ಲಿ. ಬಾಸೆಲ್‌ನವರು ಪೂರ್ತಿ ಈ ಎರಡನೇ ಪಕ್ಷ. ಒಂದೇ ಬಟ್ಟಲಿನ ಪ್ರಭುಭೋಜನ, ಒಂದೇ ಪಂಕ್ತಿ, ಜಾತಿ ಬಿಟ್ಟು ಮದುವೆ.

ನಮ್ಮ ಕೊಂಕಣಿ ಕ್ಯಾಥೊಲಿಕರ ಕಥೆ ಇದಕ್ಕಿಂತ ಬೇರೆ. ಗೋವಾದ ಇನ್‌ಕ್ವಿಸಿಷನ್ 1736ರಲ್ಲಿ ಒಂದು ಆದೇಶ ಹೊರಡಿಸಿ, ಮದುವೆಯಲ್ಲಿ ಅರಸಿನ, ತೆಂಗಿನ ಹಾಲು ಹಚ್ಚೋದು, ವೀಳ್ಯದೆಲೆ ಹಂಚೋದು, ಮನೆ ಮುಂದೆ ತುಳಸಿ, ಎಲ್ಲ ನಿಷೇಧ ಮಾಡಿತ್ತು. ಮಂಗಳೂರು ಆಗ ಕೆಳದಿ ನಾಯಕರ ಸೀಮೆ. ಇಲ್ಲಿಗೆ ವಲಸೆ ಬಂದಿದ್ದ ಮನೆಗಳ ಮೇಲೆ ಪೋರ್ಚುಗೀಸರ ಪೊಲೀಸ್ ಕೈ ಇರಲಿಲ್ಲ. ಇವತ್ತಿಗೂ ಮದುವೆಯ ಹಿಂದಿನ ಸಂಜೆ ರೋಸ್ ಶಾಸ್ತ್ರದಲ್ಲಿ ಮದುಮಕ್ಕಳಿಗೆ ತೆಂಗಿನ ಹಾಲು ಹಚ್ತಾರೆ, ನೀವೂ ಹೋಗಿ ರೀಲ್ಸ್ ಮಾಡಿರ್ತೀರಿ. ಆದರೆ ರೋಸ್ ಜೊತೆಗೆ ಬಾಮಣ್, ಚಾರಡಿ ಅನ್ನೋ ಲೆಕ್ಕವೂ ಉಳೀತು. ಹಳೇದನ್ನು ಇಟ್ಕೊಳ್ತೇವೆ ಅಂದಾಗ ಚಂದದ್ದು ಮಾತ್ರ ಆರಿಸಿ ಇಟ್ಕೊಳ್ಳಲಿಕ್ಕೆ ಆಗೋದಿಲ್ಲ, ಅಲ್ವಾ.

ಬಾಸೆಲ್ ಮಿಷನ್ ಬಾಗಿಲಿಗೆ ಬಂದವರಲ್ಲಿ ಕೌಂಡಿನ್ಯರಂಥ ಬ್ರಾಹ್ಮಣರು ಬೆರಳೆಣಿಕೆ. ಹೆಚ್ಚಿನವರು ಬಿಲ್ಲವರು, ಮಂಗಳೂರು, ಮುಲ್ಕಿ, ಉಡುಪಿ ಕಡೆಯವರು. ಇವರ ಮುಂದೆ ಮಿಷನ್ ಇಟ್ಟ ಪಟ್ಟಿ ಯಾಕೋಬನ ನಾಲ್ಕು ಅಂಶಕ್ಕಿಂತ ಬಹಳ ಉದ್ದ. ಜಾತಿ ಬಿಡಬೇಕು, ಸರಿ. ಭೂತಾರಾಧನೆ ಬಿಡಬೇಕು. ಕುಡಿತ ಬಿಡಬೇಕು. ಅಷ್ಟೇ ಅಲ್ಲ, ಮೂರ್ತೆ ಕೆಲಸವನ್ನೇ ಬಿಡಬೇಕು. ಶೇಂದಿ ತೆಗೆಯೋದು ಕ್ರೈಸ್ತನಿಗೆ ತಕ್ಕ ಕಸುಬಲ್ಲ ಅಂತ ಆ ಜರ್ಮನ್ ಪಾದ್ರಿಗಳ ನಂಬಿಕೆ. ತಲೆತಲಾಂತರದಿಂದ ತಾಳೆಮರ, ತೆಂಗಿನಮರ ಹತ್ತಿದ ಮನುಷ್ಯನಿಗೆ ಇದರ ಅರ್ಥ ಏನು? ನಾಳೆ ಬೆಳಗ್ಗೆ ಗಂಜಿಗೆ ದಾರಿ ಇಲ್ಲ ಅಂತ. ಗೇಣಿ ಜಮೀನು ಕೊಟ್ಟ ಧನಿ ಎಬ್ಬಿಸಿದರೆ ಅದೂ ಇಲ್ಲ. ಅಳಿಯಸಂತಾನದ ಕುಟುಂಬದಿಂದ ಹೊರಬಿದ್ದವನಿಗೆ ಹಿಂದೆ ನಿಲ್ಲೋರು ಇಲ್ಲ. ಮತಾಂತರ ಆದವರ ಆಸ್ತಿ ಹಕ್ಕು ಉಳಿಸೋ ಕಾಯಿದೆ 1850ರಲ್ಲಿ ಬಂತು, ಆದರೆ ಆಸ್ತಿಯೇ ಇಲ್ಲದವನಿಗೆ ಕಾಯಿದೆ ಏನು ಮಾಡ್ತದೆ?

ಮಂಗಳೂರಿನ ಹೆಂಚು ಇಲ್ಲಿಂದ ಹುಟ್ಟಿದ್ದು ಮಾರಾಯ್ರೆ. ಕಸುಬು ಕಿತ್ಕೊಂಡ ಮೇಲೆ ಕಸುಬು ಕೊಡಬೇಕಾಯ್ತು. ಬೇಸಾಯ ಮಾಡಿಸಿ ನೋಡಿದರು, ಪುಸ್ತಕ ಕಟ್ಟೋದು, ಗಡಿಯಾರ ಮಾಡೋದೂ ಪ್ರಯತ್ನ ಆಯ್ತು. 1851ರಲ್ಲಿ ಹಾಲರ್ ಎಂಬ ನೇಕಾರ ಬಂದ ಮೇಲೆ ನೇಯ್ಗೆ ಕೈ ಹಿಡೀತು. 1865ರಲ್ಲಿ ಗಿಯಾರ್ಗ್ ಪ್ಲೆಬ್ಸ್ಟ್ ನೇತ್ರಾವತಿ ಹತ್ತಿರ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. ಆ ಕೆಂಪು ಮಾಡು ಕರಾವಳಿ ದಾಟಿ ಸಮುದ್ರದಾಚೆಗೂ ಹೋಯ್ತು. ಬೇರೆ ಬೇರೆ ಜಾತಿಯಿಂದ ಬಂದವರು ಒಂದೇ ಶೆಡ್ಡಿನಲ್ಲಿ ಮಣ್ಣು ಕಲಸಿದರು, ಮಿಷನ್ ಕಾಂಪೌಂಡಿನಲ್ಲಿ ಅಕ್ಕಪಕ್ಕ ಮನೆ ಮಾಡಿದರು, ಮಕ್ಕಳು ಮದುವೆಯಾದರು. ಪಾದ್ರಿಗಳ ಪ್ರಸಂಗ ಮಾಡದ್ದನ್ನು ಸಂಬಳದ ದಿನ ಮಾಡಿರಬಹುದು ಅಂತ ನನ್ನ ಗುಮಾನಿ. ಅದರ ಇನ್ನೊಂದು ಮುಖವೂ ಉಂಟು: ಪಾದ್ರಿಯೇ ಮನೆ ಕೊಡೋನು, ಕೆಲಸ ಕೊಡೋನು, ತಪ್ಪಿಗೆ ಶಿಕ್ಷೆ ಕೊಡೋನು. ಸಭೆಯಿಂದ ಹೊರಗೆ ಹಾಕಿದರೆ ಹೋಗೋದು ಎಲ್ಲಿಗೆ?

ಒಂದು ತಮಾಷೆ ಕೇಳಿ. ಗ್ರೈನರ್ ಮತ್ತು ಅಮ್ಮನ್ ಸೇರಿ ಮಾಡಿದ ತುಳು ಹೊಸ ಒಡಂಬಡಿಕೆ 1847ರಲ್ಲಿ ಮಂಗಳೂರಲ್ಲೇ ಕಲ್ಲಚ್ಚಿನಲ್ಲಿ ಅಚ್ಚಾಯ್ತು. ಅಂದರೆ ಪೇತ್ರ, ಕೊರ್ನೇಲಿಯ, ಯಾಕೋಬನ ನಾಲ್ಕು ಅಂಶ, ಎಲ್ಲ ತುಳುವಿನಲ್ಲೇ ಇಲ್ಲಿನವರ ಕೈಯಲ್ಲಿತ್ತು. ಸುನ್ನತಿ ಬೇಡ ಅಂದವರು ನಮಗೆ ಮೂರ್ತೆ ಬೇಡ ಅಂತ ಯಾಕೆ ಹೇಳ್ತಾರೆ ಅಂತ ಯಾವನಾದರೂ ಮೂರ್ತೆಯವ ಕೇಳಿದ್ದರೆ ಏನು ಉತ್ತರ ಕೊಡ್ತಿದ್ದರೋ. ಭೂತ ಬಿಡಿ ಅಂದ ಅದೇ ಮಿಷನ್ನಿನ ಮ್ಯಾನರ್, 1886ರಲ್ಲಿ ತುಳು ನಿಘಂಟು ತಂದರು, ಭೂತಗಳ ಪಾಡ್ದನಗಳನ್ನೂ ಸಂಗ್ರಹಿಸಿ ಅಚ್ಚು ಹಾಕಿಸಿದರು.

ಕೌಂಡಿನ್ಯರು ಏನಾದರು? ಮೊಗ್ಲಿಂಗರ ಹೆಸರು ಸೇರಿಸಿಕೊಂಡು ಹೆರ್ಮನ್ ಆನಂದರಾವ್ ಕೌಂಡಿನ್ಯ ಆದರು. 1846ರಲ್ಲಿ ಬಾಸೆಲ್‌ಗೆ ಹೋಗಿ ಓದಿ, 1851ರಲ್ಲಿ ಪಾದ್ರಿ ದೀಕ್ಷೆ ಪಡೆದು ಊರಿಗೆ ಬಂದರು. ಮುಂದೆ ಜರ್ಮನಿಯ ಮರಿ ರೈನ್‌ಹಾರ್ಟ್ ಅವರನ್ನು ಮದುವೆಯಾದರು. ಬಲ್ಮಠದ ಸೆಮಿನರಿಯಲ್ಲಿ ಕನ್ನಡದ ಹುಡುಗರಿಗೆ ಪಾಠ ಹೇಳಿದರು. ಅದೇ ಹೊತ್ತಿಗೆ ಕೊಡಗಿನಲ್ಲಿ ಜೀತದಲ್ಲಿದ್ದ ಹೊಲೆಯರು ಮೊಗ್ಲಿಂಗರ ಹತ್ತಿರ ಬಂದರು. ಅವರಿಗೊಂದು ಊರು ಕಟ್ಟಬೇಕು, ದುಡ್ಡಿಲ್ಲ. ದುಡ್ಡು ಕೊಟ್ಟವರು ಕೌಂಡಿನ್ಯರು. ಅಮ್ಮತ್ತಿ ಸಿದ್ದಾಪುರದ ಕಡೆ ಹೋದರೆ ಆ ಊರು ಈಗಲೂ ಇದೆ, ಹೆಸರು ಆನಂದಪುರ, ಇವರ ಹೆಸರೇ. ಪಂಕ್ತಿ ತಪ್ಪಿದ ಬ್ರಾಹ್ಮಣನ ಹಣದಿಂದ, ಊರೊಳಗೆ ಕಾಲಿಡಬಾರದು ಅನಿಸಿಕೊಂಡವರಿಗೆ ಮನೆ ಆಯ್ತು. ಈ ಇಡೀ ಕಥೆಯಲ್ಲಿ ನನಗೆ ಮತ್ತೆ ಮತ್ತೆ ನೆನಪಾಗೋದು ಇದು.

ಹಾಗಂತ ಮಿಷನ್ನಿನ ಸ್ವಂತ ಮೇಜಿನಲ್ಲಿ ಎಲ್ಲರೂ ಸಮ ಇದ್ದರಾ? ಕೌಂಡಿನ್ಯರಿಗೆ ಯುರೋಪಿನ ಪಾದ್ರಿಗಳ ಸಾಲಿನಲ್ಲಿ ಜಾಗ ಸಿಕ್ಕಿತು, ಆದರೆ ಅದು ತೀರಾ ಅಪರೂಪ. ಉಳಿದ ಇಲ್ಲಿನ ಉಪದೇಶಿಗಳ ಸಂಬಳ ಬೇರೆ, ಸ್ಥಾನ ಬೇರೆ. ಕೊನೇ ಮಾತು ಬಿಳಿಯರದ್ದೇ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಜರ್ಮನ್ ಪಾದ್ರಿಗಳನ್ನು ಬಂಧಿಸಿ ಕಳಿಸಿದ ಮೇಲೆ ಇಲ್ಲಿನವರ ಕೈಗೆ ಸಭೆ ಬರಬೇಕಾಯ್ತು.

ಬಿಲ್ಲವರು ಹೊರಗಿಂದ ಇದನ್ನೆಲ್ಲ ನೋಡ್ತಾ ಇದ್ದರು. ಅವರ ಮುಖಂಡ ಅರಸಪ್ಪ 1870ರಲ್ಲಿ ಬ್ರಹ್ಮ ಸಮಾಜದ ಕಡೆ ತಿರುಗಿದರು. ಮಂಗಳೂರಿನಲ್ಲಿ ಸಮಾಜ ಶುರು ಮಾಡಿದವರಲ್ಲಿ ಸಾರಸ್ವತರಿದ್ದರು, ಮುಂದಾಳು ಉಳ್ಳಾಲ ರಘುನಾಥಯ್ಯ. ಸಾವಿರಾರು ಬಿಲ್ಲವರು ಒಟ್ಟಿಗೆ ಸೇರೋ ಮಾತು ಇತ್ತು. ಆಗಲಿಲ್ಲ. 1912ರಲ್ಲಿ ಕುದ್ರೋಳಿಯಲ್ಲಿ ನಾರಾಯಣ ಗುರುಗಳು ಗೋಕರ್ಣನಾಥನನ್ನು ಪ್ರತಿಷ್ಠೆ ಮಾಡಿದರು. ಬೇರೆಯವರ ಬಾಗಿಲಲ್ಲಿ ಕಾಯೋ ಬದಲು ಬಿಲ್ಲವರು ತಮ್ಮದೇ ಬಾಗಿಲು ಮಾಡಿಕೊಂಡರು. ದಸರಾಕ್ಕೆ ನೀವು ಹೋಗೋದು ಅಲ್ಲಿಗೇ.

ಬಲ್ಮಠ, ಜೆಪ್ಪು ಕಡೆಯ ಪ್ರೊಟೆಸ್ಟೆಂಟ್ ಸ್ನೇಹಿತರಿದ್ದರೆ ಅವರ ಕೊನೆ ಹೆಸರು ಕೇಳಿ ನೋಡಿ. ಕೋಟ್ಯಾನ್ ಸಿಗಬಹುದು, ಸಾಲಿನ್ಸ್ ಸಿಗಬಹುದು. ತಾಯಿಯ ಕಡೆಯಿಂದ ಬರುವ ತುಳುನಾಡಿನ ಬರಿಯ ಹೆಸರುಗಳವು. ಮೂರ್ತೆ ಹೋಯ್ತು, ಭೂತ ಹೋಯ್ತು, ಇದು ಮಾತ್ರ ಯಾವ ಪಾದ್ರಿಯ ಪಟ್ಟಿಗೂ ಸಿಗದೆ ಆಧಾರ್ ಕಾರ್ಡಿನ ತನಕ ಬಂದಿದೆ.